ಬೆಕ್ಕು ಸತ್ತ ಕಥೆಯನ್ನು ಅಚ್ಚು ಹಾಕಿಸಿದ್ದು

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಿವಮೊಗ್ಗದ ಒಂದು ಕಾಲೇಜಿಗೆ ನಾನು ರಸಾಯನಶಾಸ್ತ್ರದ ಅಧ್ಯಾಪಕಿಯಾಗಿ ಸೇರಿ ಹೆಚ್ಚು ದಿನವಾಗಿರಲಿಲ್ಲ. ಇಡೀ ಸ್ಟಾಫ್ ರೂಮಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಯಾರಿಗೂ ಬೇಡವಾದ ಕೆಲಸಗಳೆಲ್ಲ ಕೊನೆಗೆ ಉರುಳಿಕೊಂಡು ಬಂದು ನನ್ನ ಮೇಜಿನ ಬಳಿ ನಿಲ್ಲುತ್ತಿದ್ದವು. ಸ್ವಾಗತಗೀತೆಗೆ ಹುಡುಗಿಯರನ್ನು ತಯಾರು ಮಾಡುವುದು, ಅತಿಥಿಗಳಿಗೆ ಹಾರ ತರಿಸುವುದು, ಬಹುಮಾನದ ಲೋಟಗಳನ್ನು ತೊಳೆಸಿ ಒರೆಸಿ ಜೋಡಿಸುವುದು. ಪಾಠ ಮಾಡುವುದು ಇವುಗಳ ನಡುವೆ ಬಿಡುವು ಸಿಕ್ಕಾಗ.

ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದ ಮೇಲೆ ಊರಲ್ಲೆಲ್ಲ ವಿಜ್ಞಾನದ ಮಾತು. ನಮ್ಮ ಪ್ರಿನ್ಸಿಪಾಲರ ತಲೆಗೂ ಅದು ಹೊಕ್ಕಿತು. ಒಂದು ದಿನ ಕರೆಸಿದರು.

"ವಿಜ್ಞಾನ ಮತ್ತು ಸಮಾಜ ಅಂತ ಒಂದು ಪುಸ್ತಕ ತರಬೇಕು ಮೇಡಂ. ಪ್ರಬಂಧ ಬೇಡ. ಕಥೆ, ಕವನ, ಸಣ್ಣ ನಾಟಕ. ಎಲ್ಲ ನಮ್ಮ ಹುಡುಗರೇ ಬರೀಬೇಕು. ಕಾಲೇಜ್ ಡೇ ಹೊತ್ತಿಗೆ ಕೈಲಿರಬೇಕು. ದೊಡ್ಡ ಅಧಿಕಾರಿಗಳೊಬ್ಬರು ಬಿಡುಗಡೆ ಮಾಡೋಕೆ ಒಪ್ಪಿದಾರೆ."

"ಕನ್ನಡದ ಮೇಷ್ಟ್ರು ಇದ್ದಾರಲ್ಲ ಸಾರ್?"

"ಅವರು ಭಾಷೆ ನೋಡ್ಕೋತಾರೆ. ನೀವು ವಿಜ್ಞಾನ ನೋಡ್ಕೊಳ್ಳಿ."

ಹಾಗಾದರೆ ಸಮಾಜವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಬೇಕೆನ್ನಿಸಿತು. ಹೊಸಬಳು, ತಲೆಯಾಡಿಸಿ ಬಂದೆ.

ಕನ್ನಡದ ಮೇಷ್ಟ್ರು ನಿವೃತ್ತಿಯ ಅಂಚಿನಲ್ಲಿದ್ದವರು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿಯಿದ್ದ ಪೆನ್ಸಿಲ್ಲನ್ನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ಕೆಂಪು ಕಾಗುಣಿತಕ್ಕೆ. ನೀಲಿ, ಅವರು ‘ಗ್ರಾಮ್ಯ’ ಎಂದು ಕರೆಯುತ್ತಿದ್ದ ಮಾತುಗಳಿಗೆ. ನೀಲಿಯ ಕಡೆಯೇ ಹೆಚ್ಚು ಸವೆದಿತ್ತು.

ಸೂಚನಾಫಲಕದಲ್ಲಿ ಪ್ರಕಟಣೆ ಹಾಕಿದೆವು. ಬರಹಗಳು ಬಂದು ಬಿದ್ದವು. ಕಥೆ, ಕವನ ಎಂದು ಎಷ್ಟು ಸ್ಪಷ್ಟವಾಗಿ ಬರೆದಿದ್ದರೂ ಬಂದದ್ದೆಲ್ಲ ಪ್ರಬಂಧ. ಎಲ್ಲವೂ ‘ಇಂದಿನ ಯುಗ ವಿಜ್ಞಾನ ಯುಗ’ ಎಂದೇ ಆರಂಭ. ಎಲ್ಲವೂ ವಿಜ್ಞಾನ ವರವೂ ಹೌದು ಶಾಪವೂ ಹೌದು ಎಂದೇ ಮುಕ್ತಾಯ. ನಡುವೆ ಬಾಂಬು, ರೈಲು, ರೇಡಿಯೊ. ಹೈಸ್ಕೂಲಿನ ಗೈಡು ಯಾವುದೆಂದು ಕಣ್ಣುಮುಚ್ಚಿ ಹೇಳಬಹುದಿತ್ತು. ಸಿಟ್ಟು ಬಂದು, ಆ ವಾಕ್ಯದಿಂದ ಶುರುವಾದ ಬರಹವನ್ನು ಓದುವುದಿಲ್ಲ ಎಂದು ಮತ್ತೊಂದು ಪ್ರಕಟಣೆ ಹಾಕಿಸಿದೆ. ಮುಂದಿನ ವಾರ ಅವೇ ಬರಹಗಳು ವಾಪಸು ಬಂದವು. ‘ಇಂದಿನ ಕಾಲ ವಿಜ್ಞಾನದ ಕಾಲ’ ಎಂದು ಶುರುವಾಗಿದ್ದವು.

ತರಗತಿಯಲ್ಲೇ ಕೇಳಿದೆ. "ನಿಮ್ಮ ಮನೇಲಿ ನಡೆದದ್ದು ಬರೀರಪ್ಪ. ಅಮೆರಿಕಾದ್ದು ಯಾಕೆ?"

ಮಲವಗೊಪ್ಪದ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, ಬಹಳ ಮರ್ಯಾದೆಯಿಂದ, "ನಮ್ಮನೇಲಿ ವಿಜ್ಞಾನ ಇಲ್ಲ ಮೇಡಂ" ಎಂದ.

ಯಾರೂ ನಗಲಿಲ್ಲ. ಎಲ್ಲರಿಗೂ ಅದು ನಿಜವೆಂದೇ ಅನ್ನಿಸಿತ್ತು. ಅದೇ ನನ್ನನ್ನು ಹೆಚ್ಚು ಕಂಗೆಡಿಸಿದ್ದು.

"ನಿಮ್ಮಪ್ಪ ಗದ್ದೆಗೆ ಸೀಮೆಗೊಬ್ಬರ ಹಾಕಲ್ವಾ?"

"ಹಾಕ್ತಾರೆ."

"ಮನೇಲಿ ಏನಂತಾರೆ?"

"ಅನ್ನ ಸಪ್ಪೆ ಅಂತಾಳೆ ನಮ್ಮಮ್ಮ. ದಿನಾ ಅದೇ ಜಗಳ."

"ಅದನ್ನ ಬರಿ ಮಾರಾಯ!"

ಅವನು ಬರೆದ. ಚೆನ್ನಾಗಿಯೇ ಬರೆದ. ಇನ್ನು ಕೆಲವರೂ ಬರೆದರು. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದ ಕಥೆ ಬಂದದ್ದು ಭದ್ರಾವತಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯಿಂದ. ರೈಲು ತಡವಾದರೆ ಅವಳ ಮೊದಲ ಪೀರಿಯಡ್ ಹೋಗುತ್ತಿತ್ತು. ಬಂದರೂ ಮಾತಿಲ್ಲ. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನೆಲ ನೋಡುವವಳು. ಒಂದು ದಿನ ಪ್ರಯೋಗಶಾಲೆಯಲ್ಲಿ ಎಲ್ಲರೂ ಹೋದ ಮೇಲೆ ಹಾಳೆಗಳನ್ನು ಕೊಟ್ಟು, "ತಪ್ಪಿದ್ರೆ ಹರಿದು ಹಾಕಿ ಮೇಡಂ" ಎಂದು ರೈಲು ಹಿಡಿಯಲು ಓಡಿದಳು.

ಕಥೆಯ ಹೆಸರು ‘ಬೆಕ್ಕು ಯಾಕೆ ಸತ್ತಿತು?’

ಮಲೇರಿಯಾದ ಕಾಟವನ್ನು ಕಂಡವರಿಗೆ ಆ ಕಥೆ ಹೊಸದಲ್ಲ. ಮೊದಲೆಲ್ಲ ನಮ್ಮ ಸೀಮೆಗೆ ಹೆಣ್ಣು ಕೊಡಲು ಹೊರಗಿನವರು ಹಿಂಜರಿಯುತ್ತಿದ್ದರು. ಚಳಿಜ್ವರ ಬಂದ ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು, ಕೈಕಾಲು ಕಡ್ಡಿಯಾಗಿ, ಮೈ ಹಳದಿಯಾಗಿ ಅವು ಹೋಗಿಬಿಡುತ್ತಿದ್ದವು. ಆಮೇಲೆ ಸೊಳ್ಳೆ ಕೊಲ್ಲಲು ಸರ್ಕಾರದಿಂದ ಡಿ.ಡಿ.ಟಿ. ಹೊಡೆಯುವವರು ಬಂದರು. ಮನೆಮನೆಗೂ ಹೋಗಿ ಗೋಡೆ, ಸೂರು, ಕೊಟ್ಟಿಗೆ ಎಲ್ಲಕ್ಕೂ ಬಿಳಿಯ ನೀರು ಚಿಮ್ಮಿಸಿ, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ಜ್ವರ ಇಳಿಯಿತು. ಕಣ್ಣಾರೆ ಕಂಡ ಮಾತು.

ಹುಡುಗಿಯ ಕಥೆಯಲ್ಲಿ ಒಬ್ಬ ಅಜ್ಜಿ. ಚಳಿಜ್ವರಕ್ಕೆ ಮಕ್ಕಳನ್ನು ಕಳೆದುಕೊಂಡವಳು. ಔಷಧಿ ಹೊಡೆಯುವವರು ಬಂದಾಗ ಬೀದಿಯವರು ಬಾಗಿಲು ಹಾಕಿಕೊಂಡರೆ ಇವಳು ದೇವರಮನೆಯನ್ನೂ ತೆಗೆದುಕೊಡುತ್ತಾಳೆ. "ಮಕ್ಕಳು ಉಳಿದ್ರೆ ದೇವರು ಬೇಜಾರು ಮಾಡ್ಕಳಲ್ಲ, ಹೊಡೀರಿ" ಎನ್ನುತ್ತಾಳೆ. ಕೆಲವು ದಿನಗಳಲ್ಲಿ ಮನೆಯ ಬೆಕ್ಕು ನಡುಗಿ ನಡುಗಿ ಸಾಯುತ್ತದೆ. ಮುಂದಿನ ಸಲ ಬಂದಾಗ ಅಜ್ಜಿ ಕೇಳುತ್ತಾಳೆ, ಬೆಕ್ಕು ಯಾಕೆ ಸತ್ತಿತು? ಸರ್ಕಾರದ ಔಷಧಿ, ಪ್ರಶ್ನೆ ಕೇಳಬಾರದು ಎಂದು ಅವರು ಹೇಳುತ್ತಾರೆ. ಅದರ ಮುಂದಿನ ಸಲವೂ ಕೇಳುತ್ತಾಳೆ. ಮೊಮ್ಮಗಳ ಶಾಲೆಯ ಮೇಷ್ಟ್ರನ್ನು ಕೇಳುತ್ತಾಳೆ. ಯಾರೂ ಹೇಳುವುದಿಲ್ಲ. ಆದರೂ ಪ್ರತಿ ಸಲ ಬಾಗಿಲು ತೆಗೆಯುತ್ತಾಳೆ, ಹೊಸ ಬೆಕ್ಕಿನ ಮರಿಯನ್ನು ಮಂಕರಿ ಬುಟ್ಟಿ ಮುಚ್ಚಿ ಪಕ್ಕದ ಮನೆಯಲ್ಲಿಟ್ಟು. ಅಷ್ಟೇ ಕಥೆ.

ನಾನು ಡಿ.ಡಿ.ಟಿ.ಯ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ಪಾಠ ಮಾಡಿದವಳು. ಬೆಕ್ಕಿನ ಮಾತು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಪುಸ್ತಕದಲ್ಲಿ ಈ ಕಥೆ ಇರಲೇಬೇಕು ಎಂದು ನಿಶ್ಚಯಿಸಿ, ಭಾಷೆ ನೋಡಲು ಮೇಷ್ಟ್ರ ಕೈಗೆ ಕೊಟ್ಟೆ.

ಅಲ್ಲಿಂದ ಶುರುವಾಯಿತು.

ಕಥೆ ವಾಪಸು ಬಂದಾಗ ಹಾಳೆಗಳು ನೀಲಿಯಾಗಿದ್ದವು. ಹೆಸರು ‘ಮಾರ್ಜಾಲ ಮರಣ ರಹಸ್ಯ’ ಎಂದಾಗಿತ್ತು. ಬೆಕ್ಕು ಸತ್ತಿರಲಿಲ್ಲ, ‘ಅಸುನೀಗಿತ್ತು’. ಅಜ್ಜಿ "ಹೊಡೀರಿ" ಎನ್ನುವ ಬದಲು "ಸಿಂಪಡಿಸಿರಯ್ಯಾ" ಎನ್ನುತ್ತಿದ್ದಳು. ಅದನ್ನಾದರೂ ಸಹಿಸಬಹುದಿತ್ತು. ಕೊನೆಯಲ್ಲಿ ಒಂದು ಪುಟ ಹೊಸದಾಗಿ ಸೇರಿತ್ತು. ಒಬ್ಬ ತರುಣ ವೈದ್ಯ ಬಂದು ಬೆಕ್ಕು ಮುದಿಯಾಗಿ ಸತ್ತಿತೆಂದು ತಿಳಿಸುತ್ತಾನೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು "ಅಯ್ಯೋ ನನ್ನ ಅಜ್ಞಾನವೇ! ವಿಜ್ಞಾನಕ್ಕೆ ಜಯವಾಗಲಿ" ಎನ್ನುತ್ತಾಳೆ.

"ಇದು ಯಾರು ಬರೆದದ್ದು ಮೇಷ್ಟ್ರೇ?"

"ನಾನೇ. ಕಥೆಗೆ ಮುಕ್ತಾಯವೇ ಇರಲಿಲ್ಲವಲ್ಲಮ್ಮಾ. ಪ್ರಶ್ನೆಯಲ್ಲಿ ನಿಲ್ಲಿಸಿದ್ದಾಳೆ. ಓದುಗ ಎಲ್ಲಿ ಕೂರಬೇಕು?"

"ಬೆಕ್ಕು ಮುದಿಯಾಗಿತ್ತು ಅಂತ ನಿಮಗೆ ಹೇಗೆ ಗೊತ್ತು?"

"ಮುದಿಯಾಗಿರಲಿಲ್ಲ ಅಂತ ನಿನಗೆ ಹೇಗೆ ಗೊತ್ತು?"

ಇಂಥ ಮಾತಿಗೆ ಕೊಡಬೇಕಾದ ಉತ್ತರಗಳೆಲ್ಲ ನನಗೆ ಮನೆಗೆ ಹೋಗಿ ಕಾಫಿ ಕುಡಿಯುವಾಗಲೇ ಹೊಳೆಯುವುದು.

ತಿದ್ದಿದ ಪ್ರತಿಯನ್ನು ಹುಡುಗಿಗೆ ತೋರಿಸಿದೆ. ನಿಂತಲ್ಲೇ ಓದಿದಳು. ಅವಳ ಕಿವಿ ಕೆಂಪಾಗುತ್ತ ಹೋಯಿತು.

"ಇದು ನಂದಲ್ಲ ಮೇಡಂ. ನಮ್ಮಜ್ಜಿ ಹಿಂಗೆ ಮಾತಾಡಲ್ಲ. ಹಿಂಗೆ ಅಳೋದೂ ಇಲ್ಲ. ನನ್ನ ಹೆಸರು ತೆಗೆದುಬಿಡಿ."

"ಸರಿ ಮಾಡಿಸ್ತೀನಿ ಇರೇ."

"ನಾನು ಅಜ್ಜಿಗೆ ಕಥೆ ಬರ್ತದೆ ಅಂತ ಹೇಳಿಬಿಟ್ಟಿದೀನಿ. ಪುಸ್ತಕ ಬಂದ ಮೇಲೆ ಓದಿಸ್ಕೋತಾಳೆ. ಇದನ್ನ ಹೆಂಗೆ ಓದಿ ಹೇಳ್ಲಿ? ನೀವೇ ಬಂದು ಓದಿ ಹೇಳಿ." ಇಷ್ಟು ಮಾತನ್ನು ಅವಳು ಆ ವರ್ಷವಿಡೀ ಆಡಿರಲಿಲ್ಲ.

ಹೋಗಿಯೇ ಬಿಡುತ್ತೇನೆ ಎಂದು ಭಾನುವಾರ ಬೆಳಿಗ್ಗೆ ರೈಲು ಹತ್ತಿದೆ. ಡಬ್ಬಿಯ ತುಂಬ ಕಾರ್ಖಾನೆಯ ಪಾಳಿಗೆ ಹೋಗುವವರು. ತಮಿಳು, ತೆಲುಗು, ಕನ್ನಡ ಒಂದರ ಮೇಲೊಂದು ಬಿದ್ದು ಯಾವ ಮಾತು ಯಾರದೆಂದು ತಿಳಿಯುತ್ತಿರಲಿಲ್ಲ. ಸ್ಟೇಷನ್ನಿಗೆ ಹುಡುಗಿ ಬಂದಿದ್ದಳು. ಹಳೆಯ ಪೇಟೆಯ ಕಡೆ ಒಂದು ಗಲ್ಲಿಯಲ್ಲಿ ಮನೆ. ಬಾಗಿಲ ಪಕ್ಕ ಔಷಧಿ ಹೊಡೆದ ತಾರೀಖುಗಳು ಒಂದರ ಕೆಳಗೊಂದು ಇದ್ದವು.

ಅಜ್ಜಿ ಹಣೆಗೆ ಅಗಲವಾಗಿ ವಿಭೂತಿ ಹಚ್ಚಿಕೊಂಡು ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಕಥೆಯಲ್ಲಿ ಓದಿ ಕಲ್ಪಿಸಿಕೊಂಡದ್ದಕ್ಕಿಂತ ಬಹಳ ಸಣ್ಣ ಆಳು. ಧ್ವನಿ ಮಾತ್ರ ಬೀದಿಯ ಕೊನೆಗೆ ಕೇಳಿಸುವಂಥದ್ದು.

"ಬಾ ತಾಯಿ, ಕೂತ್ಕೋ. ನೀನೇನಾ ಟೀಚರಮ್ಮ? ಇಷ್ಟು ಚಿಕ್ಕೋಳು! ಮದುವೆ ಆಗಿದೆಯಾ?"

"ಇಲ್ಲ ಅಜ್ಜಿ."

"ಆಗ್ಲಿ ಬಿಡು, ಅದೆಲ್ಲಿಗೆ ಓಡಿಹೋಗ್ತದೆ. ಏನೋ ಓದ್ತೀಯಂತೆ, ಓದು."

ಹುಡುಗಿಯ ಕಥೆಯನ್ನು ಹುಡುಗಿಯೇ ಓದಿದಳು. ಅಜ್ಜಿಯ ಕೈ ಅವರೆಕಾಯಿಯ ಮೇಲೆ ನಿಂತಿತು. ಮಕ್ಕಳ ಮಾತು ಬಂದಾಗ ಮುಖ ಬಾಗಿಲ ಕಡೆ ತಿರುಗಿತು. ಮುಗಿದ ಮೇಲೆ, "ಸರಿಯಾಗಿ ಅದೆ. ಮಕ್ಕಳ ಹೆಸರು ಹಾಕಿಲ್ಲ ತಾನೆ? ಹಾಕ್ಬೇಡ. ಮಿಕ್ಕಿದ್ದೆಲ್ಲ ಇರ್ಲಿ" ಎಂದರು.

ಆಮೇಲೆ ಮೇಷ್ಟ್ರು ತಿದ್ದಿದ್ದನ್ನು ನಾನು ಓದಿದೆ. ‘ಮಾರ್ಜಾಲ’ ಎಂದರೆ ಯಾರು ಎಂದು ಕೇಳಿದರು. ಬೆಕ್ಕು ಎಂದೆ. ಕೊನೆಯ ಪುಟಕ್ಕೆ ಬಂದಾಗ ಮುಂದಿದ್ದ ಮೊರವನ್ನೇ ಪಕ್ಕಕ್ಕೆ ಸರಿಸಿದರು.

"ನಾನೆಲ್ಲಿ ಹಂಗಂದೆ?"

"ನೀವು ಅಂದಿಲ್ಲ ಅಜ್ಜಿ. ನಮ್ಮ ಮೇಷ್ಟ್ರು…"

"ಅಲ್ಲ, ನಾನು ಔಷಧಿ ಬೇಡ ಅಂದವಳಾ? ಹೊಡಿ ಹೊಡಿ ಅಂತ ಬೀದಿಯೋರ ಕೂಡೆಲ್ಲ ಜಗಳ ಆಡಿದವಳು ನಾನು. ಬೆಕ್ಕು ಯಾಕೆ ಸತ್ತಿತು ಅಂದ್ರೆ ಅಜ್ಞಾನವಾ? ಆ ಬೆಕ್ಕು ಮುದೀದಲ್ಲ ತಾಯಿ. ಮೊದಲ್ನೇ ಸೂಲಿನ ಮರಿ ಹಾಲು ಬಿಟ್ಟಿರಲಿಲ್ಲ." ನನ್ನ ಕಡೆ ತಿರುಗಿದರು. "ನೀನು ಅದೇ ಶಾಸ್ತ್ರ ಓದಿದವಳಂತಲ್ಲ. ನೀನೇ ಹೇಳು. ಯಾಕೆ ಸತ್ತಿತು?"

ಪರೀಕ್ಷೆಯಲ್ಲೂ ನಾನು ಅಷ್ಟು ಹೆದರಿರಲಿಲ್ಲ. "ಖಂಡಿತವಾಗಿ ಗೊತ್ತಿಲ್ಲ ಅಜ್ಜಿ. ಬೆಕ್ಕು ಗೋಡೆಗೆ ಮೈ ಉಜ್ಜತ್ತೆ. ಆಮೇಲೆ ಮೈಯೆಲ್ಲ ನೆಕ್ಕಿಕೊಳ್ಳತ್ತೆ. ಔಷಧಿ ಹೊಟ್ಟೆಗೆ ಹೋಗಿರಬಹುದು. ನಾವು ಗೋಡೆ ನೆಕ್ಕಲ್ಲವಲ್ಲ."

ಅಜ್ಜಿ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಆಮೇಲೆ, "ಇಷ್ಟು ಹೇಳೋಕೆ ಇವರಿಗೆ ಇಷ್ಟು ವರ್ಷ ಬೇಕಾಯ್ತಾ?" ಎಂದರು.

ಊಟ ಮಾಡದೆ ಬಿಡಲಿಲ್ಲ. ಸಂಜೆಯ ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಆ ಮಾತು ಚಕ್ರದ ಸದ್ದಿನ ಜೊತೆ ಸುತ್ತುತ್ತಲೇ ಇತ್ತು. ಹೊಡೆಯುವವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕೆಂದು ನನ್ನಂಥವರಿಗೂ ಹೊಳೆದಿರಲಿಲ್ಲ.

ಸೋಮವಾರ ಮೇಷ್ಟ್ರ ಎದುರು ಕೂತೆ. ನಡೆದದ್ದನ್ನೆಲ್ಲ ಹೇಳಿದೆ. "ನಾನೆಲ್ಲಿ ಹಂಗಂದೆ" ಎಂಬುದನ್ನು ಅಜ್ಜಿಯ ಧ್ವನಿಯಲ್ಲೇ ಹೇಳಿರಬೇಕು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೇಷ್ಟ್ರು ಪೆನ್ಸಿಲ್ಲನ್ನು ಬೆರಳ ನಡುವೆ ಉರುಳಿಸುತ್ತ ಕೇಳಿದರು.

"ಆ ಮುದುಕಿ ಹಾಗಂದಳೆ?"

"ಅಂದರು."

"ಹಾಗಾದರೆ ನನ್ನ ಮುಕ್ತಾಯ ತೆಗೆದುಬಿಡು. ಬದುಕಿರುವವರ ಬಾಯಿಗೆ ಮಾತು ತುರುಕುವುದು ಪಾಪ. ಅದು ಕಲ್ಪನೆಯ ಅಜ್ಜಿ ಅಂದುಕೊಂಡಿದ್ದೆ." ನನಗೆ ಜೀವ ಬಂತು. ಆದರೆ ಅವರು ಮುಗಿಸಿರಲಿಲ್ಲ. "ಅವಳ ಮಾತು ಅವಳ ಹಾಗೇ ಇರಲಿ. ನಿರೂಪಣೆ ಮಾತ್ರ ನಾನು ತಿದ್ದಿದ್ದೇ ಇರಬೇಕು."

"ಅಸುನೀಗಿತು ಅಂತಲಾ?"

"ಅದರಲ್ಲೇನು ತಪ್ಪು?"

ಆ ಒಂದು ಶಬ್ದಕ್ಕೆ ನಾವು ಆ ವಾರವಿಡೀ ಜಗಳವಾಡಿದೆವು. ಸ್ಟಾಫ್ ರೂಮಿನಲ್ಲಿ ಆಡಿದೆವು, ಕಾರಿಡಾರಿನಲ್ಲಿ ಆಡಿದೆವು, ಒಮ್ಮೆ ತುಂಗೆಯ ಸೇತುವೆಯ ಮೇಲೆ ಅವರು ಕೊಡೆ ಹಿಡಿದು ಎದುರಾದಾಗ ಅಲ್ಲಿಯೂ ಆಡಿದೆವು. ಕೊನೆಗೆ ಕಥೆಯ ಹೆಸರು ‘ಬೆಕ್ಕಿನ ಸಾವು’ ಎಂದಾಯಿತು. ಒಳಗೆ ಬೆಕ್ಕು ‘ತೀರಿಕೊಂಡಿತು’. ಇಬ್ಬರಿಗೂ ಸಮಾಧಾನವಾಗಲಿಲ್ಲ. ಹುಡುಗಿಗೆ ತೋರಿಸಿದಾಗ, "ಬೆಕ್ಕು ತೀರಿಕೊಳ್ಳತ್ತಾ ಮೇಡಂ?" ಎಂದಷ್ಟೇ ಕೇಳಿ, ಆಗಲಿ ಎಂದು ತಲೆಯಾಡಿಸಿದಳು.

ಮುಂದಿನದು ಪ್ರೆಸ್ಸಿನ ಪಾಡು. ಗಾಂಧಿ ಬಜಾರಿನ ಒಂದು ಅಡ್ಡಗಲ್ಲಿಯಲ್ಲಿ ಪ್ರೆಸ್. ಲಗ್ನಪತ್ರಿಕೆಯ ಕಾಲ. ನಮ್ಮ ಹಸ್ತಪ್ರತಿ ಅರಿಶಿನ ಹಚ್ಚಿದ ಕಾಗದಗಳ ಅಡಿಯಲ್ಲಿ ಮಲಗಿರುತ್ತಿತ್ತು. ನಾನು ಹೋದಾಗಲೆಲ್ಲ ಮಾಲೀಕರು ಸ್ಟೂಲು ಎಳೆದು ಹಾಕಿ, "ಬೈಠೋ ಮೇಡಂ, ನಿಮ್ದೇ ನಡೀತಾ ಇದೆ" ಎನ್ನುತ್ತಿದ್ದರು. ನಡೆಯುತ್ತಿದ್ದದ್ದು ಯಾರದೋ ಮದುವೆ.

ಕೊನೆಗೆ ಪ್ರೂಫ್ ಬರತೊಡಗಿತು. ‘ಪರಮಾಣು’ ಎಂಬುದು ಕಂಡಲ್ಲೆಲ್ಲ ‘ಪರಮಾನ್ನ’ ಆಗಿತ್ತು. ಹಿರೋಶಿಮಾದ ಮೇಲೆ ಪರಮಾನ್ನ ಬಾಂಬು ಬಿದ್ದಿತ್ತು. ತಿದ್ದಿ ಕಳಿಸಿದೆ. ಒಂದು ಕಡೆ ಸರಿಯಾಗಿ ಬಂತು, ಇನ್ನೊಂದು ಕಡೆ ‘ಪರಮಣ್ಣ’ ಎಂದು ಬಂತು. ಅಚ್ಚುಮೊಳೆ ಜೋಡಿಸುತ್ತಿದ್ದವನನ್ನು ಕೇಳಿದರೆ, "ಅಕ್ಷರ ಅರ್ಥ ಆಗಲ್ಲ ಮೇಡಂ, ಡಾಕ್ಟರು ಬರೆದಂಗೆ ಬರೀತೀರಿ" ಎಂದ. ಅದೂ ನಿಜವೇ.

ಬೆಕ್ಕಿನ ಕಥೆಯ ಸರದಿ ಬಂದ ದಿನ ಮಾಲೀಕರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಮೇಡಂ, ಡಿ ಖಾಲಿ."

"ಡಿ ಖಾಲಿ ಅಂದ್ರೆ?"

"ಈ ಹುಡುಗಿ ಸಾಲುಸಾಲಿಗೂ ಡಿ.ಡಿ.ಟಿ. ಡಿ.ಡಿ.ಟಿ. ಅಂತ ಬರೆದಿದಾಳೆ. ಮೇಲಿಂದ ಮಾಡಿ, ನೋಡಿ, ಬಿಡಿ, ಹೊಡಿ. ಎಲ್ಲಾದಕ್ಕೂ ಅದೇ ಮೊಳೆ. ಮೊಳೆ ಕೇಸಲ್ಲಿ ಒಂದೂ ಉಳಿದಿಲ್ಲ. ‘ಔಷಧಿ’ ಅಂತ ಮಾಡಿಬಿಡ್ಲಾ?"

"ಬೇಡ."

"‘ಪುಡಿ’ ಅಂತ…? ತೋಬಾ, ಅದರಲ್ಲೂ ಡಿ ಇದೆ."

ಅಷ್ಟು ದಿನದ ಸಿಟ್ಟೆಲ್ಲ ಒಟ್ಟಾಗಿ ಬಂದು, ಅಲ್ಲೇ ಸ್ಟೂಲಿನ ಮೇಲೆ ಕೂತು ನಕ್ಕೆ. ಮಾಲೀಕರೂ ನಕ್ಕರು. ಆಮೇಲೆ ಅವರೇ ದಾರಿ ತೋರಿಸಿದರು. ಈ ಕಥೆಯಿರುವ ಫಾರಂ, ಎಂದರೆ ಒಟ್ಟಿಗೆ ಅಚ್ಚಾಗುವ ಈ ಕೆಲವು ಪುಟಗಳನ್ನು, ಮೊದಲು ಓಡಿಸಿಬಿಡುವುದು. ಅಚ್ಚಾದ ಮೇಲೆ ಮೊಳೆ ಬಿಚ್ಚಿ ಮಿಕ್ಕ ಪುಟಗಳಿಗೆ ಬಳಸುವುದು. ನಾನು ಅಲ್ಲೇ ಕೊನೆಯ ಪ್ರೂಫ್ ನೋಡಿ ಒಪ್ಪಿಗೆ ಬರೆದೆ. ಮಾರನೆಯ ದಿನ ಬೆಕ್ಕಿನ ಕಥೆ ಅಚ್ಚಾಗಿ ಮೂಲೆಯಲ್ಲಿ ಕಟ್ಟುಕಟ್ಟಾಗಿ ಕೂತಿತು.

ಪ್ರಿನ್ಸಿಪಾಲರು ಕರೆಸಿದ್ದು ಆ ವಾರವೇ. ಯಾರೋ ಅವರ ಕಿವಿಗೆ ಹಾಕಿದ್ದರು.

"ಬಿಡುಗಡೆ ಮಾಡೋಕೆ ಬರೋರು ಸರ್ಕಾರದೋರು ಮೇಡಂ. ಅವರ ಕೈಗೆ, ಸರ್ಕಾರದ ಔಷಧಿ ಹೊಡೆದು ಬೆಕ್ಕು ಸತ್ತಿತು ಅಂತ ಪುಸ್ತಕ ಕೊಡ್ಬೇಕಾ? ತೆಗೆದುಹಾಕಿ."

"ಅಜ್ಜಿ ಔಷಧಿ ಬೇಡ ಅನ್ನಲ್ಲ ಸಾರ್. ಬೇಕು ಅಂತಲೇ ಹೇಳ್ತಾರೆ. ಕಥೆ ಪೂರ್ತಿ ಓದಿದ್ರಾ?"

"ಪೂರ್ತಿ ಓದೋಕೆ ನನಗೆಲ್ಲಿ ಟೈಮು?"

ಆಗ ನಾನು ನಿರೀಕ್ಷಿಸದ ಕಡೆಯಿಂದ ಮಾತು ಬಂತು. ಯಾವುದೋ ಕಾಗದಕ್ಕೆ ರುಜು ಹಾಕಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಕನ್ನಡದ ಮೇಷ್ಟ್ರು ಒಳಗೆ ಬಂದರು.

"ಆ ಕಥೆ ತೆಗೆಯುವುದಾದರೆ ನನ್ನ ಮುನ್ನುಡಿಯನ್ನೂ ತೆಗೆಯಿರಿ. ಭಾಷೆ ನಾನು ತಿದ್ದಿದ್ದೇನೆ. ಕಥೆ ಸತ್ಯವಾಗಿದೆ."

ಇಷ್ಟು ದಿನ ನನ್ನ ಜೊತೆ ‘ಅಸುನೀಗಿತು’ ಎಂದು ಹಟ ಹಿಡಿದ ಮನುಷ್ಯ ಇವರೇನಾ ಎಂದು ನೋಡಿದೆ. ಪ್ರಿನ್ಸಿಪಾಲರಿಗೂ ಕಸಿವಿಸಿಯಾಯಿತು. ಪ್ರೆಸ್ಸಿಗೆ ಹೇಳಿಕಳಿಸಿದರು. ಆ ಫಾರಂ ಆಗಲೇ ಅಚ್ಚಾಗಿದೆ, ತೆಗೆಯಬೇಕಾದರೆ ಅಷ್ಟೂ ಕಾಗದ ರದ್ದಿಗೆ ಹೋಗುತ್ತದೆ, ಹೊಸ ಕಾಗದ ಸದ್ಯಕ್ಕೆ ಸಿಗುವುದಿಲ್ಲ ಎಂದು ಉತ್ತರ ಬಂತು. ಕಥೆ ಉಳಿದದ್ದು ನನ್ನ ವಾದದಿಂದಲ್ಲ. ಮೇಷ್ಟ್ರ ಮುನ್ನುಡಿಯಿಂದಲೂ ಪೂರ್ತಿಯಾಗಿ ಅಲ್ಲ. ಪ್ರೆಸ್ಸಿನಲ್ಲಿ ‘ಡಿ’ ಸಾಲದೆ ಹೋದದ್ದರಿಂದ ಉಳಿಯಿತು. ಇದನ್ನು ನೆನೆದಾಗಲೆಲ್ಲ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ.

ಆದರೆ ಪ್ರಿನ್ಸಿಪಾಲರು ಬಿಡುವವರಲ್ಲ. ಪುಸ್ತಕದ ಕೊನೆಯ ಪುಟಗಳು ಇನ್ನೂ ಅಚ್ಚಾಗಿರಲಿಲ್ಲ.

"ಒಂದು ಟಿಪ್ಪಣಿ ಬರೀರಿ. ಕೆಮಿಸ್ಟ್ರಿಯೋರು ಬರೆದ್ರೆ ತೂಕ ಇರ್ತದೆ. ಈ ಔಷಧಿಯಿಂದ ಯಾವ ಪ್ರಾಣಿಗೂ ಏನೂ ಆಗಲ್ಲ ಅಂತ."

ನಾನು ಬರೆದೆ. ಈ ಔಷಧಿಯಿಂದ ಚಳಿಜ್ವರ ತಗ್ಗಿದೆ, ಎಲ್ಲರೂ ಮನೆಗೆ ಹೊಡೆಸಿಕೊಳ್ಳಬೇಕು ಎಂದು ಬರೆದೆ. ಹೊಡೆಯುವಾಗ ಅಡುಗೆಯ ಪಾತ್ರೆ, ಕುಡಿಯುವ ನೀರು ಹೊರಗಿಡಿ, ಬೆಕ್ಕುನಾಯಿಗಳನ್ನು ಗೋಡೆ ಒಣಗುವವರೆಗೆ ದೂರವಿಡಿ, ಹೊಡೆಯಲು ಬಂದವರನ್ನು ಪ್ರಶ್ನೆ ಕೇಳಿ ಎಂದೂ ಬರೆದೆ. ಪ್ರಿನ್ಸಿಪಾಲರು ಓದಿ, ಮೊದಲ ವಾಕ್ಯವನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಹೊಡೆದುಹಾಕಿದರು. ‘ಸಂಪೂರ್ಣ ನಿರಪಾಯಕಾರಿ’ ಎಂದು ತಮ್ಮ ಕೈಯಿಂದಲೇ ಸೇರಿಸಿದರು. ಕೆಳಗೆ ‘ಸಂಪಾದಕರು’. ಸಂಪಾದಕಿಯೆಂದು ಪುಸ್ತಕದ ಮೇಲೆ ಬರಬೇಕಾಗಿದ್ದದ್ದು ನನ್ನ ಹೆಸರು.

"ಇದು ನನಗೆ ಗೊತ್ತಿಲ್ಲ ಸಾರ್. ಗೊತ್ತಿಲ್ಲದ್ದಕ್ಕೆ ನನ್ನ ಹೆಸರು ಬೇಡ."

"ಬರೀ ಒಂದು ಬೆಕ್ಕಿಗೋಸ್ಕರವಾ ಇಷ್ಟೆಲ್ಲ?"

"ಹೌದು ಸಾರ್."

"ಹೆಸರು ಬೇಡ ಅಂದ್ರೆ ಬಿಡಿ. ಸಂಪಾದಕರು ಅಂತ ಹಾಕೋಕೆ ಬೇರೆಯೋರು ಇದ್ದಾರೆ."

ಪುಸ್ತಕ ನನ್ನ ಹೆಸರಿಲ್ಲದೆ ಬಂತು. ಅದಕ್ಕಾಗಿ ಅಲೆದದ್ದು, ಕಣ್ಣು ಉರಿಸಿಕೊಂಡದ್ದು ಯಾವುದಕ್ಕೂ ಗುರುತಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದೆ ನಾನು. ಅವರು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, "ನಿನ್ನ ಹೆಸರೆಲ್ಲಿ ಮಾರಾಯ್ತಿ? ಇಷ್ಟು ದಿನ ನೀನು ಮಾಡಿದ್ದಾದ್ರೂ ಏನು?" ಎಂದರು. ಎಲ್ಲಿಂದ ಶುರುಮಾಡಿ ಹೇಳುವುದು?

ಬಿಡುಗಡೆಗೆ ಬಂದ ಅಧಿಕಾರಿ ರಿಬ್ಬನ್ ಬಿಚ್ಚಿ ಪುಸ್ತಕವನ್ನು ಎತ್ತಿ ತೋರಿಸಿದರು. ಇಂದಿನ ಯುಗ ವಿಜ್ಞಾನ ಯುಗ ಎಂದು ಭಾಷಣ ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಮಲವಗೊಪ್ಪದ ಹುಡುಗ ನನ್ನ ಕಡೆ ತಿರುಗಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. ಅಧಿಕಾರಿ ಹೋಗುವಾಗ ಪುಸ್ತಕವನ್ನು ಹಾರದ ಜೊತೆ ಕುರ್ಚಿಯ ಮೇಲೆಯೇ ಬಿಟ್ಟು ಹೋದರು. ಪ್ರಿನ್ಸಿಪಾಲರು ಯಾರಿಗೆ ಅಷ್ಟು ಹೆದರಿದ್ದರೋ ಅವರು ಒಂದು ಪುಟವನ್ನೂ ತೆರೆಯಲಿಲ್ಲ.

ಹುಡುಗಿ ಪ್ರತಿಯನ್ನು ಒಯ್ದಳು. ಅಜ್ಜಿ ಏನಂದರು ಎಂದು ಸೋಮವಾರ ಕೇಳಿದೆ.

"ಕಥೆ ಚೆನ್ನಾಗದೆ ಅಂದ್ಲು. ಹಿಂದಿನ ಟಿಪ್ಪಣಿ ಓದಿಸ್ಕೊಂಡು, ಇದು ಆ ಟೀಚರಮ್ಮ ಬರೆದದ್ದಾ ಅಂದ್ಲು. ಅಲ್ಲ ಅಂದೆ. ಗೊತ್ತಾಯ್ತು ಬಿಡು ಅಂದ್ಲು."

ಮಾರಾಟವಾಗದ ಪ್ರತಿಗಳು ಕಾಲೇಜಿನ ಉಗ್ರಾಣ ಸೇರಿದವು. ಮುಂದೆ ಎಷ್ಟೋ ಕಾಲ ಆಟೋಟದಲ್ಲಿ ಗೆದ್ದವರಿಗೆಲ್ಲ ಅದೇ ಬಹುಮಾನ. ಉದ್ದಜಿಗಿತಕ್ಕೂ ಅದೇ, ಕಬಡ್ಡಿಗೂ ಅದೇ. ಬಹುಮಾನದ ಪುಸ್ತಕ ಓದಿದೆ ಎಂದು ಒಬ್ಬನೂ ನನಗೆ ಹೇಳಲಿಲ್ಲ. ಕನ್ನಡದ ಮೇಷ್ಟ್ರು ನಿವೃತ್ತರಾಗುವ ದಿನ ತಮ್ಮ ಪ್ರತಿಯಲ್ಲಿ ‘ತೀರಿಕೊಂಡಿತು’ ಎಂಬುದನ್ನು ಕೆಂಪಿನಿಂದ ಹೊಡೆದು ‘ಸತ್ತಿತು’ ಎಂದು ಬರೆದು ನನ್ನ ಕೈಗಿಟ್ಟರು. "ಮುಂದಿನ ಮುದ್ರಣಕ್ಕೆ" ಎಂದರು. ಮುಂದಿನ ಮುದ್ರಣ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೆಲವು ವರ್ಷಗಳ ಮೇಲೆ ಯಾವುದೋ ಮದುವೆಗೆ ಹೋಗಿ ಬರುವಾಗ ಭದ್ರಾವತಿ ಸ್ಟೇಷನ್ನಿನಲ್ಲಿ ಆ ಹುಡುಗಿ ಸಿಕ್ಕಿದಳು. ಅಲ್ಲಿಯ ಒಂದು ಶಾಲೆಯಲ್ಲಿ ಟೀಚರಾಗಿದ್ದಳು. ಮಾತು ಮೊದಲಿಗಿಂತ ಸರಾಗವಾಗಿತ್ತು. ರೈಲು ತಡವೆಂದು ಗೊತ್ತಾದ ಮೇಲೆ ಸಂಕೋಚಪಡುತ್ತ ಚೀಲದಿಂದ ಕೆಲವು ಹಾಳೆ ತೆಗೆದಳು. ಅವಳ ಶಾಲೆಗೆ ಮೊದಲ ಸಲ ಸೂಕ್ಷ್ಮದರ್ಶಕ ಬಂದದ್ದು, ಹೊಳೆಯ ನೀರಿನ ಹನಿಯಲ್ಲಿ ಓಡಾಡುವ ಜೀವಗಳನ್ನು ನೋಡಿದ ಒಂದು ಮಗು ಮನೆಯಲ್ಲಿ ನೀರು ಕುಡಿಯಲು ಒಲ್ಲೆನೆಂದದ್ದು, ಅದರ ತಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಜಗಳಕ್ಕೆ ಬಂದದ್ದು, ಟೀಚರು ಆ ತಾಯಿಯ ಕಣ್ಣನ್ನೂ ಸೂಕ್ಷ್ಮದರ್ಶಕಕ್ಕೆ ಹಚ್ಚಿದ್ದು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಓದಿದೆ. ಮೊದಲಿನದಕ್ಕಿಂತ ಎಷ್ಟೋ ಪಾಲು ಚೆನ್ನಾಗಿತ್ತು.

"ಇದನ್ನ ಅಚ್ಚು ಹಾಕಿಸಲೇಬೇಕು. ಕೊಡು, ಬೆಂಗಳೂರಿನ ಪತ್ರಿಕೆಗೆ ನಾನೇ ಕಳಿಸ್ತೀನಿ."

"ಬೇಡ ಮೇಡಂ."

"ಯಾಕೆ?"

"ಆ ತಾಯಿ ಕೈಲೂ ಕೊನೆಗೆ ಏನಾದ್ರೂ ಅನ್ನಿಸ್ತಾರೆ. ನೀವು ಓದಿದ್ರಲ್ಲ, ಸಾಕು."

ಎಲ್ಲರೂ ಹಾಗಲ್ಲ ಎಂದೆ. ಕಾಲ ಬದಲಾಗಿದೆ ಎಂದೆ. ನಾನೇ ಮುಂದೆ ನಿಂತು ನೋಡಿಕೊಳ್ಳುತ್ತೇನೆ ಎಂದೆ. ಗದರಿಸಿಯೂ ನೋಡಿದೆ. ಅವಳು ನಗುತ್ತಲೇ ಹಾಳೆಗಳನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ರೈಲು ಬಂತು, ಜನ ನುಗ್ಗಿದರು, ನನ್ನನ್ನು ಹತ್ತಿಸಿ ಅವಳು ಕೆಳಗೆ ನಿಂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಇನ್ನೊಮ್ಮೆ "ಯೋಚನೆ ಮಾಡೇ" ಎಂದು ಕೂಗಿದೆ. ಆಯಿತೆಂದೋ ಇಲ್ಲವೆಂದೋ ತಿಳಿಯದ ಹಾಗೆ ತಲೆಯಾಡಿಸಿದಳು. ಆ ಕಥೆಯನ್ನು ನಾನು ಎಲ್ಲಿಯೂ ಅಚ್ಚಿನಲ್ಲಿ ಕಾಣಲಿಲ್ಲ.